ಯಶವಂತಪುರದಲ್ಲಿ ಇಳಿದ ಮೇಲೆ

ಪ್ರಶ್ನೆ: ಅಮ್ಮನನ್ನು ತುಮಕೂರಿನಿಂದ ರೈಲಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಕರೆದೊಯ್ಯಬೇಕು. ಒಬ್ಬಳೇ ಟ್ಯಾಕ್ಸಿ ಹಿಡಿಯಲು ಭಯ.
– ಓದುಗರೊಬ್ಬರು, ತುಮಕೂರು

ಉತ್ತರ: ಭಯ ಬೇಡಮ್ಮ. ನಾನೂ ನಮ್ಮತ್ತೆಯನ್ನು ಹೀಗೇ ಕರೆದೊಯ್ಯುತ್ತಿದ್ದೆ. ಯಶವಂತಪುರ ಸ್ಟೇಷನ್ನಿಗೆ ಎರಡು ಕಡೆ ಬಾಗಿಲಿದೆ. ಮೊದಲ ಸಲ ನಾವು ಒಂದು ಕಡೆ ನಿಂತೆವು, ಕಾರು ಇನ್ನೊಂದು ಕಡೆ ಬಂತು. ಮೆಟ್ಟಿಲು ಹತ್ತಿ ಇಳಿದು ಅತ್ತೆಗೆ ಉಸಿರೇ ಕಟ್ಟಿಹೋಗಿತ್ತು. ಪಾಪ, ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ. ಅದಕ್ಕೇ ನೀವು ತುಮಕೂರು ರಸ್ತೆಯ ಮೆಟ್ರೊ ಕಡೆ ಹೊರಬಂದು, ಅಮ್ಮನನ್ನು ಕೂರಿಸಿ, ಆಮೇಲೆ ಮೊಬೈಲ್ ಆ್ಯಪ್‌ನಲ್ಲಿ ಟ್ಯಾಕ್ಸಿ ಬುಕ್ ಮಾಡಿ.

ಆ್ಯಪ್‌ನಲ್ಲಿರುವ ನಂಬರನ್ನೇ ಕಾರಿನಲ್ಲೂ ನೋಡಿ. ಟ್ಯಾಕ್ಸಿಗೆ ಹಳದಿ ಪ್ಲೇಟ್. ಎಲೆಕ್ಟ್ರಿಕ್ ಆದರೆ ಹಸಿರು ಪ್ಲೇಟಲ್ಲಿ ಹಳದಿ ಅಕ್ಷರ. ಹತ್ತಿ ಕೂತ ಮೇಲೆ ಆ್ಯಪ್‌ ತೋರಿಸುವ ಒಟಿಪಿ ಸಂಖ್ಯೆಯನ್ನು ಚಾಲಕನಿಗೆ ಹೇಳಿ. ಅವನು ‘ಬುಕಿಂಗ್ ಕ್ಯಾನ್ಸಲ್ ಮಾಡಿ, ದುಡ್ಡು ಕೈಗೆ ಕೊಡಿ’ ಅಂದರೆ ಒಪ್ಪಬೇಡಿ, ಆಮೇಲೆ ದಾಖಲೆಯೇ ಇರುವುದಿಲ್ಲ ಅಲ್ವಾ? ತೊಂದರೆಯಾದರೆ ತುರ್ತು ಸಹಾಯವಾಣಿ 112ಕ್ಕೆ ಫೋನ್ ಮಾಡಿ.