ಎರಡು ಕೊರಿಯಾಗಳು ಮತ್ತೆ ಒಂದಾಗುತ್ತವಾ? ಅಲ್ಲಿನ ಜನಕ್ಕೆ ಅದು ಈಗಲೂ ಬೇಕಾ?

ಕೆಲಸದ ಮೇಲೆ ಕೆಲವು ವರ್ಷ ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್ ಹತ್ತಿರ ಇದ್ದವನು ನಾನು. ನೇರವಾಗಿ ಹೇಳಬೇಕಂದರೆ, ಸದ್ಯಕ್ಕೆ ಒಂದಾಗುವ ಲಕ್ಷಣ ಕಾಣುತ್ತಿಲ್ಲ. ಅದಕ್ಕೆ ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್ ಒಬ್ಬರೇ ಕಾರಣ ಅಲ್ಲ. ದಕ್ಷಿಣದಲ್ಲಿ ಆ ಆಸೆ ಹೊತ್ತವರೇ ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ.

ಗಡಿ ಪಕ್ಕದ ಪಾಜು ಊರಿನಲ್ಲಿ ಇಮ್ಜಿಂಗಾಕ್ ಅಂತ ಒಂದು ಜಾಗ ಇದೆ. ಅವರ ಹೊಸ ವರ್ಷದ ಹಬ್ಬದಂದು, ಉತ್ತರದಿಂದ ಬಂದ ಹಿರಿಯರು ಅಲ್ಲಿ ಹಣ್ಣು, ತಿಂಡಿ ಎಡೆ ಇಟ್ಟು, ಉತ್ತರಕ್ಕೆ ಮುಖ ಮಾಡಿ ಅಡ್ಡಬೀಳುತ್ತಾರೆ. ಅಪ್ಪ ಅಮ್ಮನ ಸಮಾಧಿ ಗಡಿಯಾಚೆ ಇದೆ, ಹೋಗುವಂತಿಲ್ಲ. 1950ರ ಯುದ್ಧದಲ್ಲಿ, ನಾಲ್ಕು ದಿನ ಬಿಟ್ಟು ವಾಪಸ್ ಬರೋಣ ಅಂತ ಮನೆ ಬಿಟ್ಟವರೂ ಅವರಲ್ಲಿದ್ದಾರೆ. ಇವರಿಗೆ ದೇಶ ಒಂದಾಗುವುದು ಅಂದರೆ ತಂಗಿಯ ಮುಖ ನೋಡುವುದು, ಅಷ್ಟೇ. ಆಚೆಯ ಬಂಧುಗಳನ್ನು ಹುಡುಕಿಕೊಡಿ ಅಂತ ದಕ್ಷಿಣದಲ್ಲಿ ಸುಮಾರು 1,34,000 ಜನ ಹೆಸರು ಬರೆಸಿದ್ದರು. ಈಗ ಬದುಕಿರುವವರು 40,000ಕ್ಕಿಂತ ಕಡಿಮೆ, ಹೆಚ್ಚಿನವರು 80 ದಾಟಿದವರು.

ಮೊಮ್ಮಕ್ಕಳ ತಲೆಮಾರಿಗೆ ಉತ್ತರ ಕೊರಿಯಾ ಅಂದರೆ ಕ್ಷಿಪಣಿ, ಕಡ್ಡಾಯ ಸೈನ್ಯ ಸೇವೆ. 2018ರ ಚಳಿಗಾಲದ ಒಲಿಂಪಿಕ್ಸ್‌ಗೆ ಎರಡೂ ದೇಶ ಸೇರಿ ಮಹಿಳಾ ಐಸ್ ಹಾಕಿ ತಂಡ ಕಟ್ಟಿದವು, ಉತ್ತರದ 12 ಆಟಗಾರ್ತಿಯರು ಬಂದರು. ಹಿರಿಯರು ಕಣ್ಣೀರು ಹಾಕುತ್ತಾರೆ ಅಂದುಕೊಂಡಿದ್ದ ದಕ್ಷಿಣದ ಸರ್ಕಾರಕ್ಕೆ ಸಿಕ್ಕಿದ್ದು ಯುವಜನರ ಸಿಟ್ಟು. ವರ್ಷಗಟ್ಟಲೆ ಬೆವರು ಸುರಿಸಿದ ನಮ್ಮ ಹುಡುಗಿಯರ ಅವಕಾಶ ಯಾಕೆ ಕಿತ್ತುಕೊಳ್ಳುತ್ತೀರಿ ಅಂತ ಕೇಳಿದರು. ಅದು ಸ್ವಾರ್ಥ ಅಂತ ನನಗೆ ಅನಿಸುವುದಿಲ್ಲ. ಕೆಲಸ ಸಿಗದೆ, ಮನೆ ಬಾಡಿಗೆಗೇ ಒದ್ದಾಡುವವರು ನ್ಯಾಯ ಕೇಳಿದರು, ಅಲ್ವಾ? ಖರ್ಚಿನ ಭಯವೂ ಇದೆ. ಜರ್ಮನಿ ಒಂದಾದಾಗ ಪೂರ್ವದ ಒಬ್ಬರಿಗೆ ಪಶ್ಚಿಮದಲ್ಲಿ ನಾಲ್ಕು ಜನ ಇದ್ದರು. ಇಲ್ಲಿ ಉತ್ತರದ ಒಬ್ಬರಿಗೆ ದಕ್ಷಿಣದಲ್ಲಿ ಇಬ್ಬರೇ, ಆದಾಯದ ಅಂತರವೂ ತುಂಬಾ ಜಾಸ್ತಿ.

ಸಿಯೋಲ್‌ನ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆ ಪ್ರತಿವರ್ಷ ಜನಾಭಿಪ್ರಾಯ ಕೇಳುತ್ತದೆ. ಒಂದಾಗಬೇಕು ಅಂದವರು 2014ರಲ್ಲಿ ಶೇ. 69 ಇದ್ದರು, 2025ರಲ್ಲಿ ಶೇ. 49. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗರದ್ದೂ ಹೆಚ್ಚುಕಡಿಮೆ ಇದೇ ಮಾತು: ಯುದ್ಧ ಬೇಡ, ಹೋಗಿಬರುವ ಹಾಗಿದ್ದರೆ ಸಾಕು, ಒಂದೇ ದೇಶ ಆಗಲೇಬೇಕು ಅಂತೇನಿಲ್ಲ.

ಉತ್ತರದ ಜನರನ್ನು ಹೀಗೆ ಕೇಳುವ ದಾರಿಯೇ ಇಲ್ಲ. ಅಲ್ಲಿನ ಸರ್ಕಾರವಂತೂ ಬಾಗಿಲು ಹಾಕಿದೆ. 2023ರ ಕೊನೆಗೆ ಕಿಮ್, ದಕ್ಷಿಣದವರು ಇನ್ನು ನಮ್ಮವರಲ್ಲ, ಶತ್ರು ದೇಶದವರು ಅಂದರು. ಉತ್ತರದ ರಾಜಧಾನಿ ಪ್ಯಾಂಗ್ಯಾಂಗ್‌ನಲ್ಲಿ ಏಕೀಕರಣಕ್ಕಾಗಿ ಕಟ್ಟಿದ್ದ ಕಮಾನನ್ನು ಕೆಡವಿದರು. 2024ರ ಅಕ್ಟೋಬರ್‌ನಲ್ಲಿ ಗಡಿಯ ರಸ್ತೆಗಳನ್ನೇ ಸ್ಫೋಟಿಸಿದರು.

ಹಾಗಾಗಿ ನನ್ನ ಮಟ್ಟಿಗೆ ಒಂದಾಗುವ ಮಾತು ಆಮೇಲಿನದು. ಬೇರೆಯಾದ ಕುಟುಂಬಗಳ ಭೇಟಿ ಕೊನೆಗೆ ನಡೆದದ್ದು 2018ರ ಆಗಸ್ಟ್‌ನಲ್ಲಿ, ಉತ್ತರದ ಕುಮ್‌ಗಾಂಗ್ ಬೆಟ್ಟದಲ್ಲಿ. ಮೂರು ದಿನದಲ್ಲಿ ಸಿಕ್ಕಿದ್ದು ಹತ್ತು ಹನ್ನೆರಡು ಗಂಟೆ. ಹೊರಡುವಾಗ ಬಸ್ಸಿನ ಕಿಟಕಿ ಗಾಜಿಗೆ ಒಳಗಿಂದ ಒಬ್ಬರು, ಹೊರಗಿಂದ ಒಬ್ಬರು ಕೈ ಒತ್ತಿ ಅಳುತ್ತಿದ್ದರು. ಆ ಭೇಟಿಯನ್ನು, ಅದಾಗದಿದ್ದರೆ ಒಂದು ಕಾಗದ, ಒಂದು ಫೋನ್ ಕರೆಯನ್ನಾದರೂ ಮತ್ತೆ ಶುರು ಮಾಡಬೇಕು. ಅದಕ್ಕೆ ದೇಶ ಒಂದಾಗಬೇಕಿಲ್ಲ, ಸೈನ್ಯ ಕದಲಬೇಕಿಲ್ಲ. ಆ 40,000 ಜನಕ್ಕೆ ಕಾಯಲು ಜಾಸ್ತಿ ವರ್ಷ ಉಳಿದಿಲ್ಲ.