ಕೋ ತಾವ್‌ಗೆ ಬರಬೇಕು ಅಂತಿರುವ ತಮ್ಮನಿಗೆ

ನೀನು ಬರೆದದ್ದನ್ನು ಪೂರ್ತಿ ಓದಿದೆ. ರಾಜಾಜಿನಗರದಲ್ಲಿ ಅಮ್ಮನ ಜೊತೆ ಮನೆ, ಬೆಳ್ಳಂದೂರಿನಲ್ಲಿ ಆಫೀಸು, ಅರ್ಧ ಆಯುಷ್ಯ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ. ಕೆಲಸ ಬಿಟ್ಟು ಥಾಯ್ಲೆಂಡಿನ ಈ ಪುಟ್ಟ ದ್ವೀಪಕ್ಕೆ ಬಂದು, ಡೈವಿಂಗ್ ಕಲಿತು, ಅದರಲ್ಲೇ ಹೊಟ್ಟೆ ಹೊರೆದುಕೊಂಡು ನಿಧಾನವಾಗಿ ಬದುಕಬಹುದಾ ಅಂತ ಕೇಳಿದ್ದೀಯ. ಅದರ ಜೊತೆಗೆ ದುಡ್ಡು, ವೀಸಾ, ಸಸ್ಯಾಹಾರ, ಅಮ್ಮ. ಅಕ್ಕ ಅಂತ ಕರೆದಿದ್ದೀಯಲ್ಲ, ಅದಕ್ಕೆ ಏಕವಚನದಲ್ಲೇ ಬರೆಯುತ್ತೇನೆ. ನಾನೂ ಬೆಂಗಳೂರಿನವಳೇ, ಹನುಮಂತನಗರದವಳು. ಇಲ್ಲಿ ನೆಲೆಸಿ ಹತ್ತು ವರ್ಷದ ಮೇಲಾಯಿತು, ಡೈವಿಂಗ್ ಹೇಳಿಕೊಡುವುದೇ ಕಸುಬು.

ಬದುಕಬಹುದು. ಆದರೆ ನೀನು ಅಂದುಕೊಂಡಿರುವ ನಿಧಾನ ಇಲ್ಲಿ ಸಿಗುವುದಿಲ್ಲ. ಕಡಲ ದಂಡೆಯಲ್ಲಿ ಕಾಲು ಚಾಚಿ ಕೂತವರೆಲ್ಲ ಬೇರೆ ಊರಲ್ಲಿ ದುಡಿದು ತಂದ ದುಡ್ಡಿನವರು. ಇಲ್ಲೇ ದುಡಿಯುವವರಿಗೆ ದಿನ ಬೇಗ ಶುರುವಾಗುತ್ತದೆ, ಮೈ ಜಾಸ್ತಿ ದಣಿಯುತ್ತದೆ. ನಮ್ಮ ಪಾಲಿನ ನಿಧಾನ ಇರುವುದು ಕಾಯುವುದರಲ್ಲಿ. ಬೋಟಿಗೆ ಕಾಯಬೇಕು, ಮಳೆ ನಿಲ್ಲಲಿ ಅಂತ ಕಾಯಬೇಕು, ನೀರಿನ ಲಾರಿಗೆ, ಕಾಗದಪತ್ರಕ್ಕೆ, ಎಸಿ ರಿಪೇರಿಯವನಿಗೆ ಕಾಯಬೇಕು. ಕಾಯುವುದೆಂದರೆ ಮೈ ಪರಚಿಕೊಳ್ಳುವ ಜಾತಿ ನಿನ್ನದಾದರೆ, ನಿಜ ಹೇಳುತ್ತೇನೆ, ಸಿಲ್ಕ್ ಬೋರ್ಡೇ ವಾಸಿ.

ಮೊದಲು ಕೆಲಸದ ಮಾತು. ಬೆಳಗ್ಗೆ ಆರೂವರೆಗೆಲ್ಲ ಟ್ಯಾಂಕುಗಳ ಪ್ರೆಶರ್ ನೋಡುತ್ತಿರುತ್ತೇವೆ. 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದ ಒಂದು ಅಲ್ಯೂಮಿನಿಯಂ ಟ್ಯಾಂಕು 15 ಕಿಲೋಗೂ ಮೇಲೆ ತೂಗುತ್ತದೆ. ಅದನ್ನು ಎತ್ತುವುದು, ಇಳಿಸುವುದು, ಅಲುಗಾಡುವ ಬೋಟಿನಲ್ಲಿ ಕಟ್ಟುವುದು, ಇದೇ ಅರ್ಧ ಕೆಲಸ. ಆಮೇಲೆ ವಿದ್ಯಾರ್ಥಿಗಳು. ಮಾಸ್ಕಿನೊಳಗೆ ಬೇಕೆಂದೇ ನೀರು ಬಿಟ್ಟುಕೊಂಡು, ಮೂಗಿನಿಂದ ಉಸಿರು ಬಿಟ್ಟು ಅದನ್ನು ಹೊರಗೆ ಹಾಕುವ ಒಂದು ಪಾಠ ಇದೆ. ಎಷ್ಟೋ ಜನ ಅಲ್ಲೇ ಗಾಬರಿ ಬೀಳುತ್ತಾರೆ. ಕಣ್ಣು ಅಗಲ ಆಗುತ್ತದೆ, ಕೈ ಮೇಲಕ್ಕೆ ಚಾಚುತ್ತದೆ. ಅವರು ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶಕ್ಕೇ ಏಟು ಬೀಳಬಹುದು. ಅದಕ್ಕೇ ನನ್ನ ಒಂದು ಕೈ ಸದಾ ಅವರ ಜಾಕೆಟ್ಟಿನ ಮೇಲೆ ಇರುತ್ತದೆ. ಮಧ್ಯಾಹ್ನ ವಾಪಸ್ ಬಂದಮೇಲೆ ಎಲ್ಲ ಸಾಮಾನನ್ನೂ ಸಿಹಿನೀರಿನಲ್ಲಿ ಜಾಲಿಸಬೇಕು. ಸಂಜೆ ಮತ್ತೆ ಪಾಠ. ಕಿವಿ ಸೋಂಕು ಇಲ್ಲಿ ನೆಗಡಿಯಷ್ಟೇ ಮಾಮೂಲು. ಅದು ಬಂದರೆ ವಾಸಿಯಾಗುವ ತನಕ ನೀರಿಗಿಳಿಯುವ ಹಾಗಿಲ್ಲ, ಸಂಪಾದನೆಯೂ ಇಲ್ಲ.

ಸಂಪಾದನೆ ಅಂದರೆ ತಿಂಗಳ ಸಂಬಳ ಅಂದುಕೊಳ್ಳಬೇಡ. ಬಹುತೇಕ ಕಡೆ ಎಷ್ಟು ವಿದ್ಯಾರ್ಥಿಗಳಿಗೆ ಕೋರ್ಸ್ ಮುಗಿಸಿದೆಯೋ ಅಷ್ಟರ ಮೇಲೆ ಕಮಿಷನ್. ಸೀಸನ್ನಿನಲ್ಲಿ ಕೈತುಂಬ, ಮಳೆಗಾಲದಲ್ಲಿ ಖಾಲಿ. ಇನ್ಸ್‌ಟ್ರಕ್ಟರ್ ಆಗುವ ದಾರಿಯೂ ಉದ್ದ. ಡೈವಿಂಗ್ ಸರ್ಟಿಫಿಕೇಟ್ ಕೊಡುವ ಪ್ಯಾಡಿ ಸಂಸ್ಥೆಯ ಪದ್ಧತಿಯಲ್ಲಿ ಮೊದಲು ಓಪನ್ ವಾಟರ್ ಕೋರ್ಸು, ಅದರಲ್ಲಿ 18 ಮೀಟರ್ ಆಳದವರೆಗೆ. ಆಮೇಲೆ ಅಡ್ವಾನ್ಸ್ಡ್, 30 ಮೀಟರ್. ನಡುವೆ ರೆಸ್ಕ್ಯೂ ಕೋರ್ಸು. ಡೈವ್‌ಮಾಸ್ಟರ್ ಶುರುಮಾಡಲು 40 ಡೈವ್ ಆಗಿರಬೇಕು, ಮುಗಿಸಲು 60. ಇನ್ಸ್‌ಟ್ರಕ್ಟರ್ ಪರೀಕ್ಷೆಗೆ 100. ಡೈವ್‌ಮಾಸ್ಟರ್ ತರಬೇತಿಯಲ್ಲಿ ಸಾಮಾನ್ಯವಾಗಿ ಯಾರೂ ಕಾಸು ಕೊಡುವುದಿಲ್ಲ, ನೀನೇ ಕೊಡಬೇಕು. ಇಷ್ಟೆಲ್ಲ ಆದಮೇಲೂ ವರ್ಕ್ ಪರ್ಮಿಟ್ ಬೇಕು. ಒಬ್ಬ ವಿದೇಶಿಯನನ್ನು ಇಟ್ಟುಕೊಳ್ಳಲು ಸಾಮಾನ್ಯವಾಗಿ ನಾಲ್ಕು ಜನ ಥಾಯ್ ನೌಕರರು ಇರಬೇಕು ಅನ್ನುವುದು ಇಲ್ಲಿನ ಲೆಕ್ಕ. ಹಾಗಾಗಿ ಸಣ್ಣ ಅಂಗಡಿಯವರು "ಪರ್ಮಿಟ್ ಆಮೇಲೆ ನೋಡೋಣ" ಅನ್ನುತ್ತಾರೆ. ಅಂಥವರ ಮಾತಿಗೆ ಹೂಂ ಅನ್ನಬೇಡ. ಸಿಕ್ಕಿಬಿದ್ದರೆ ದೇಶ ಬಿಡುವವನು ನೀನು, ಅವರಲ್ಲ.

ಅದಕ್ಕೆ ನನ್ನ ಸಲಹೆ: ಈಗಲೇ ಕೆಲಸ ಬಿಡಬೇಡ. ಕಂಪನಿಯವರು ಹೊರದೇಶದಿಂದ ಕೆಲಸ ಮಾಡಲು ಬಿಡುತ್ತಾರಾ ಅಂತ ಬರವಣಿಗೆಯಲ್ಲಿ ಕೇಳು. ಅವರು ಒಪ್ಪಿದರೆ ಡಿಟಿವಿ ಅನ್ನುವ ವೀಸಾ ಇದೆ, 2024ರ ಜುಲೈನಲ್ಲಿ ಶುರುವಾದದ್ದು. 5 ವರ್ಷದ್ದು, ಒಂದು ಸಲ ಬಂದರೆ 180 ದಿನ ಇರಬಹುದು. ಬ್ಯಾಂಕಿನಲ್ಲಿ 5 ಲಕ್ಷ ಬಾತ್ ಇದೆ ಅಂತ ತೋರಿಸಬೇಕು. ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಇಟ್ಟುಕೋ, ಲೆಕ್ಕ ಸಿಗುತ್ತದೆ. ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಅಂದರೆ ಬೆಂಗಳೂರು ಹತ್ತಕ್ಕೆ ಲಾಗಿನ್ ಆಗುವ ಹೊತ್ತಿಗೆ ನೀನು ಬೆಳಗಿನ ಡೈವ್ ಮುಗಿಸಿ ತಲೆ ಒರೆಸಿಕೊಂಡಿರಬಹುದು. ಇದಕ್ಕಿಂತ ಒಳ್ಳೇ ಏರ್ಪಾಡು ನನಗೆ ಗೊತ್ತಿಲ್ಲ. ತೆರಿಗೆ ವಿಷಯ ಮಾತ್ರ ಒಬ್ಬ ಸಿಎ ಹತ್ತಿರ ಕೂತು ಮಾತಾಡು. ವರ್ಷದಲ್ಲಿ 180 ದಿನ ಇಲ್ಲಿದ್ದರೆ ಥಾಯ್ಲೆಂಡ್ ನಿನ್ನನ್ನು ತೆರಿಗೆ ನಿವಾಸಿ ಅನ್ನುತ್ತದೆ, 2024ರಿಂದ ಹೊರಗಿನ ಆದಾಯ ಒಳಗೆ ತಂದರೂ ಕೇಳುತ್ತದೆ.

ಇನ್ನು ಮಳೆ. ನೀನು ನೋಡಿರುವ ಫೋಟೋಗಳಲ್ಲಿ ಹೆಚ್ಚಿನವು ಫೆಬ್ರವರಿ, ಮಾರ್ಚ್, ಏಪ್ರಿಲ್‌ನವು. ಗಾಜಿನಂಥ ನೀರು, ಸೈರಿ ಬೀಚಿನ ಸೂರ್ಯಾಸ್ತ, ಪಕ್ಕದ ಪುಟ್ಟ ದ್ವೀಪ ನಾಂಗ್ ಯುವಾನ್‌ನ ಬಿಳಿ ಮರಳು. ನವೆಂಬರ್ ಫೋಟೋ ಯಾರೂ ಹಾಕುವುದಿಲ್ಲ. ಚೆನ್ನೈಗೆ ಮಳೆ ತರುವ ಈಶಾನ್ಯ ಮಾರುತವೇ ಈ ಥಾಯ್ಲೆಂಡ್ ಕೊಲ್ಲಿಗೂ ಮಳೆ ತರುತ್ತದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಅದರದ್ದೇ ದರ್ಬಾರು. ದ್ವೀಪದಲ್ಲಿ ವಿಮಾನ ನಿಲ್ದಾಣ ಇಲ್ಲ. ಅಲೆ ಎದ್ದರೆ ಬೋಟು ನಿಂತಿತು, ಬೋಟು ನಿಂತರೆ ಎಲ್ಲ ನಿಂತಿತು. ಮೊದಲು ಬ್ರೆಡ್ಡು, ಮೊಟ್ಟೆ, ಸೊಪ್ಪು ಖಾಲಿಯಾಗುತ್ತವೆ. ಇಡೀ ದ್ವೀಪ 21 ಚದರ ಕಿಲೋಮೀಟರ್, ಓಡಿ ಹೋಗಲು ಇನ್ನೊಂದು ಊರಿಲ್ಲ. ಅಂಗಡಿಯ ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಳೆ ನೋಡುತ್ತಾ ಕೂರುತ್ತಾರೆ. ನಾಳೆ ಬೋಟು ಬರುತ್ತಾ ಅಂದರೆ ನಗುತ್ತಾರೆ. ಅವರ ಮುಂದೆ ನಿಂತು ಫೋನಿನಲ್ಲಿ ಹವಾಮಾನ ತಿರುವಿ ತಿರುವಿ ನೋಡುವವರು ಹೊಸಬರು ಅಂತ ದೂರದಿಂದಲೇ ಗೊತ್ತಾಗುತ್ತದೆ.

ಮಳೆ ಹೋದಮೇಲೆ ನೀರಿನ ತಾಪತ್ರಯ. ಇಲ್ಲಿ ನದಿ ಇಲ್ಲ. ಬಾವಿ, ಮಳೆನೀರಿನ ತೊಟ್ಟಿ, ಕೊನೆಗೆ ಲಾರಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಫೋನ್ ಮಾಡಿದವನಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ದನಿ ಏರಿಸಿದರೆ ಕೆಲಸ ಆಗುವುದಿಲ್ಲ. ನೀರಿನವನ ಮೇಲೆ ಆಗಲಿ, ಮನೆ ಓನರ್ ಮೇಲೆ ಆಗಲಿ ಕೂಗಾಡಿದರೆ ಅವರು ನಕ್ಕು ಸುಮ್ಮನಾಗುತ್ತಾರೆ, ಆಮೇಲೆ ಫೋನೇ ಎತ್ತುವುದಿಲ್ಲ. ನಮ್ಮ "ಏನ್ರೀ, ಎಷ್ಟೊತ್ತು ಸ್ವಾಮಿ" ಇಲ್ಲಿ ನಡೆಯದು.

ಊಟಕ್ಕೆ ನೀನು ಹೆದರಿದಷ್ಟು ಕಷ್ಟ ಇಲ್ಲ. ತರಕಾರಿ ಅಂತ ಕೇಳಿದರೂ ಮೀನಿನ ಸಾಸ್ ಬೀಳುತ್ತದೆ, ಅದಕ್ಕೇ "ಜೇ" ಅಂತ ಕೇಳು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ನೋಡಿಕೋ. ಜೇ ಊಟದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿಮ್ಮಮ್ಮ ಏಕಾದಶಿ ಮಾಡುವವರು ಅಂದೆಯಲ್ಲ, ಅವರು ಬಂದರೆ ಮಾಮೂಲು ದಿನಗಳಲ್ಲಿ ನಿನಗಿಂತ ಅವರ ಊಟವೇ ಸಲೀಸು. ತೆಂಗಿನಕಾಯಿ, ಹುಣಸೆಹಣ್ಣು, ಅಕ್ಕಿ ಧಾರಾಳ. ಹಳೇ ಮನೆಗಳಲ್ಲಿ ಕೂತು ಕಾಯಿ ತುರಿಯುವ ಮಣೆಯೂ ಇದೆ, ಮುಂದೆ ಕಬ್ಬಿಣದ ಹಲ್ಲು, ಥೇಟ್ ನಮ್ಮಜ್ಜಿ ಮನೆಯದೇ. ಇಂಗು, ಕರಿಬೇವು, ಸಾರಿನಪುಡಿ, ರಾಗಿಹಿಟ್ಟು ಮಾತ್ರ ಬೆಂಗಳೂರಿನಿಂದಲೇ ಬರಬೇಕು.

ಸ್ಕೂಟರ್ ಬಗ್ಗೆ ಒಂದು ಮಾತು. ಇಲ್ಲಿನ ರಸ್ತೆಗಳು ಕಡಿದಾದ ಏರು, ಮೇಲೆ ಮರಳು. ಮೊಣಕೈ ಮೊಣಕಾಲು ಕೆತ್ತಿಕೊಂಡವರು ಪ್ರತಿ ವಾರ ಕ್ಲಿನಿಕ್ಕಿನ ಬಾಗಿಲಲ್ಲಿ ಇರುತ್ತಾರೆ. ಗಾಯ ಇದ್ದರೆ ಡೈವ್ ಇಲ್ಲ. ದೊಡ್ಡ ಏಟಾದರೆ ಬೋಟಿನಲ್ಲಿ ಸಮುಯಿ ಅನ್ನುವ ದೊಡ್ಡ ದ್ವೀಪಕ್ಕೆ ಸಾಗಿಸಬೇಕು. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡೇ ಬಾ, ಅದರಲ್ಲಿ ಬೈಕಿನ ಕಾಲಂಗೂ ಮುದ್ರೆ ಬಿದ್ದಿದೆಯಾ ನೋಡು. ಅದಿಲ್ಲದಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತಿಬಿಡುತ್ತಾರೆ.

ಇಷ್ಟೆಲ್ಲ ಇದ್ದೂ ಯಾಕಿದ್ದೀರಿ ಅಂತೀಯ ಅಲ್ವಾ? ನೀರಿಗೋಸ್ಕರ. ಚುಂಫೋನ್ ಪಿನಕಲ್ ಅಂತ ಒಂದು ಮುಳುಗಿದ ಬಂಡೆ ಇದೆ. ಬೆಳಗ್ಗೆ ಮೊದಲ ಬೋಟಿನಲ್ಲಿ ಹೋದರೆ ಮೀನಿನ ಹಿಂಡು ಬೆಳಕನ್ನೇ ಮುಚ್ಚಿಬಿಡುತ್ತದೆ. ಅದೃಷ್ಟ ಇದ್ದ ದಿನ ತಿಮಿಂಗಿಲ ಶಾರ್ಕ್ ಬರುತ್ತದೆ. 2011ರಲ್ಲಿ ಸಟ್ಟಕುಟ್ ಅನ್ನುವ ಹಳೇ ನೌಕಾಪಡೆ ಹಡಗನ್ನು ಬೇಕೆಂದೇ ಮುಳುಗಿಸಿದರು, ಅದರ ಮೇಲೆ ಈಗ ಹವಳ ಹಿಡಿದಿದೆ. ಆದರೆ ನನಗೆ ಪ್ರೀತಿ ಟೈಟನ್ ಟ್ರಿಗರ್ ಮೀನಿನ ಮೇಲೆ. ಗೂಡು ಕಾಯುವಾಗ ಅದರಷ್ಟು ಸಿಡುಕು ಪ್ರಾಣಿ ಇನ್ನೊಂದಿಲ್ಲ. ಅದರ ಗಡಿ ಗೂಡಿನಿಂದ ಮೇಲಕ್ಕೆ ಆಲಿಕೆಯ ಹಾಗೆ ಅಗಲವಾಗುತ್ತಾ ಹೋಗುತ್ತದೆ. ಹೆದರಿ ಮೇಲಕ್ಕೆ ಹೋದವನನ್ನು ಬೆನ್ನಟ್ಟಿ ಕಾಲಿನ ಫಿನ್ನು ಕಚ್ಚುತ್ತದೆ. ಅಡ್ಡಡ್ಡ ಈಜಿಕೊಂಡು ಹೋದರೆ ಬಿಟ್ಟುಬಿಡುತ್ತದೆ. ಬೇಸರದ ಸಂಗತಿಯೂ ಇದೆ. 2010ರಲ್ಲಿ, ಮತ್ತೆ 2024ರಲ್ಲಿ ನೀರು ಬಿಸಿಯಾಗಿ ಇಲ್ಲಿನ ಹವಳ ಬಿಳುಚಿಕೊಂಡಿತು. ನೀನು ನೋಡುವ ಸಮುದ್ರ ನಾನು ಬಂದಾಗಿನದ್ದಲ್ಲ.

ಪ್ರತಿ ಡೈವ್ ಕೊನೆಗೆ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವುದು ರೂಢಿ. ರಕ್ತದಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗಲಿ ಅಂತ. ಮಾಡಲು ಏನೂ ಕೆಲಸ ಇಲ್ಲ, ಸುಮ್ನೆ ತೇಲಬೇಕು. ಕೆಲವರು ಮೂರು ನಿಮಿಷವೂ ಆಳ, ಸಮಯ ತೋರಿಸುವ ಕೈಯಲ್ಲಿನ ಡೈವ್ ಕಂಪ್ಯೂಟರ್ ನೋಡುತ್ತಿರುತ್ತಾರೆ. ಕೆಲವರು ತಮ್ಮದೇ ಗುಳ್ಳೆಗಳನ್ನು ನೋಡುತ್ತಾ ಸಮಯವನ್ನೇ ಮರೆಯುತ್ತಾರೆ, ನಾನೇ ಭುಜ ತಟ್ಟಬೇಕು. ಈ ಎರಡನೇ ಜಾತಿಯವರು ಇಲ್ಲಿ ಉಳಿದದ್ದನ್ನು ನೋಡಿದ್ದೇನೆ. ಮೊದಲನೆಯವರು ಸಾಮಾನ್ಯವಾಗಿ ಆರು ತಿಂಗಳಲ್ಲಿ ಗಂಟುಮೂಟೆ ಕಟ್ಟುತ್ತಾರೆ. ದೊಡ್ಡ ಶಾಸ್ತ್ರ ಅಲ್ಲ ಬಿಡು, ನನ್ನ ಅಂದಾಜು.

ಅಮ್ಮನ ಪ್ರಶ್ನೆ ಕೊನೆಗೆ ಕೇಳಿದ್ದೀಯ, ಅದು ಮೊದಲು ಬರಬೇಕಿತ್ತು. ರಾತ್ರಿ ಬೆಂಗಳೂರಿನಿಂದ ಫೋನ್ ಬಂದರೆ ನೀನು ಬೆಳಗಿನ ಬೋಟಿಗೆ ಕಾಯಬೇಕು. ಸಮುಯಿಗೋ ಆಚೆ ದಡದ ಚುಂಫೋನ್ ಪಟ್ಟಣಕ್ಕೋ ಹೋಗಿ, ಬ್ಯಾಂಕಾಕ್ ಸೇರಿ, ವಿಮಾನ ಹಿಡಿಯಬೇಕು. ಅಲೆ ಇದ್ದರೆ ಅದೂ ಇಲ್ಲ. ಜೊತೆಗೆ ಅವತ್ತು ಡೈವ್ ಮೇಲೆ ಡೈವ್ ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದು. ದುಬೈನಲ್ಲಿರುವ ನಿನ್ನ ಗೆಳೆಯ ನಾಲ್ಕು ಗಂಟೆಯಲ್ಲಿ ಬಂದಿಳಿಯಬಹುದು, ನೀನು ಬರಲಾರೆ. ಅಪ್ಪನ ವಿಷಯದಲ್ಲಿ ನನಗೆ ಇದು ಗೊತ್ತಾಯಿತು, ಅದನ್ನು ಇಲ್ಲಿ ಬಿಡಿಸಿ ಬರೆಯಲಾರೆ. ಅಮ್ಮನ ಹತ್ತಿರ ಯಾರಿರುತ್ತಾರೆ, ಪಕ್ಕದ ಮನೆಯವರ ಹತ್ತಿರ ಬೀಗದಕೈ ಇದೆಯಾ, ಆಸ್ಪತ್ರೆ ಖರ್ಚಿಗೆ ಯಾರು ಸಹಿ ಹಾಕುತ್ತಾರೆ, ಇವೆಲ್ಲ ಇತ್ಯರ್ಥ ಆಗದೆ ಬರಬೇಡ.

ಸದ್ಯಕ್ಕೆ ಹೀಗೆ ಮಾಡು. ಈಜು ಬರುವುದಿಲ್ಲ ಅಂದಿದ್ದೀಯ. ಬಸವನಗುಡಿ ಈಜುಕೊಳಕ್ಕೆ ಸೇರಿಕೋ. ಓಪನ್ ವಾಟರ್‌ಗೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು, ವೇಗ ಬೇಕಿಲ್ಲ. ಆಮೇಲೆ ಮುರುಡೇಶ್ವರಕ್ಕೆ ರೈಲು ಹತ್ತಿ ನೇತ್ರಾಣಿಯಲ್ಲಿ ಒಂದು ಡೈವ್ ಮಾಡಿ ನೋಡು. ನೀರಿನೊಳಗೆ ಉಸಿರಾಡುವುದು ನಿನಗೆ ಹಿಡಿಸುತ್ತಾ ಇಲ್ಲವಾ ಅನ್ನುವುದು ಪಾಸ್‌ಪೋರ್ಟ್ ತೆಗೆಯದೆಯೇ ಗೊತ್ತಾಗುತ್ತದೆ.

ಹಿಡಿಸಿದರೆ ರಜೆ ಹಾಕಿ ನವೆಂಬರಿನಲ್ಲಿ ಬಾ, ಫೆಬ್ರವರಿಯಲ್ಲಿ ಬೇಡ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ದಿನವೇ ರಾಯಭಾರ ಕಚೇರಿಯ ಪುಟ ನೋಡು. ಥಾಯ್ಲೆಂಡ್ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, ಅದಕ್ಕೆ ದುಡ್ಡಿಲ್ಲ, ಕೇಳುವವರು ಮೋಸಗಾರರು. ಬ್ಯಾಂಕಾಕ್‌ನಿಂದ ಚುಂಫೋನ್‌ವರೆಗೆ ರಾತ್ರಿ ರೈಲೋ ಬಸ್ಸೋ, ಅಲ್ಲಿಂದ ವೇಗದ ಬೋಟಾದರೆ ಸುಮಾರು ಎರಡು ಗಂಟೆ. ಹತ್ತುವ ಮುಂಚೆ ಹೊಟ್ಟೆ ತುಂಬ ತಿನ್ನಬೇಡ. ವಾಪಸ್ ಹೋಗುವಾಗ ಬೋಟಿಗೂ ವಿಮಾನಕ್ಕೂ ನಡುವೆ ಎರಡು ದಿನ ಬಿಟ್ಟುಕೋ. ಬರುವಾಗ ಚುಂಫೋನ್ ಕಡೆಯಿಂದ ಬೋಟು ರದ್ದಾದರೆ ಅಲ್ಲೇ ರೂಮ್ ಮಾಡಿ ನನಗೊಂದು ಮೆಸೇಜ್ ಹಾಕು.