ಬಾಸ್ಟನ್ ಕಡೆಯ ಚಳಿಗಾಲದಲ್ಲಿ ಮಕ್ಕಳನ್ನು ನಾಟಕಕ್ಕೆ ಸೇರಿಸಬಹುದಾ?

ನೀವು ಕೇಳಿದ್ದು ಇಷ್ಟು: ನವೆಂಬರಿನಲ್ಲಿ ಬೆಂಗಳೂರಿನಿಂದ ಬಾಸ್ಟನ್ ಹತ್ತಿರದ ಊರಿಗೆ ಬರುತ್ತಿದ್ದೀರಿ, ಇಬ್ಬರು ಚಿಕ್ಕ ಮಕ್ಕಳು. ಸ್ನೋ ಬಿದ್ದರೆ ಇಲ್ಲಿ ಎಲ್ಲ ಕ್ಯಾನ್ಸಲ್ ಆಗುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ಹಾಗಿದ್ದ ಮೇಲೆ ಸಂಕ್ರಾಂತಿ ನಾಟಕ, ಹಾಡು ಅಂತ ಮಕ್ಕಳನ್ನು ಸೇರಿಸುವುದರಲ್ಲಿ ಅರ್ಥ ಇದೆಯಾ?

ಸೇರಿಸಿ. ಕ್ಯಾನ್ಸಲ್ ಆಗುವುದು ನಿಜ. ನಮ್ಮ ಮನೆಯಲ್ಲಿ ಒಂದು ನಾಟಕ ಮೂರು ಸಲ ಕ್ಯಾನ್ಸಲ್ ಆಯಿತು. ಆ ನಾಟಕ ಇಲ್ಲದಿದ್ದರೆ ಆ ಚಳಿಗಾಲದಲ್ಲಿ ನಾವು ಏನಾಗುತ್ತಿದ್ದೆವೋ ಗೊತ್ತಿಲ್ಲ.

ನಾನು ಹೇಳುತ್ತಿರುವುದು 2015ರ ಮಾತು. ಇಲ್ಲಿನ ಹಳಬರು ಇವತ್ತಿಗೂ ಆ ವರ್ಷದ ಹೆಸರು ಹೇಳಿ ಕಿವಿ ಹಿಡಿದುಕೊಳ್ಳುತ್ತಾರೆ. ಆಗ ಮಗ ಮೂರನೇ ಕ್ಲಾಸು, ಮಗಳಿಗೆ ಐದು ವರ್ಷ. ದಾವಣಗೆರೆಯಿಂದ ನಮ್ಮತ್ತೆ ಬಂದಿದ್ದರು. ಸ್ನೋ ನೋಡಬೇಕು ಎನ್ನುವುದು ಅವರ ಆಸೆ. ಡಿಸೆಂಬರ್ ಪೂರ್ತಿ ಕಿಟಕಿ ಹತ್ತಿರ ಕೂತು ಕಾದರು. ಬರಲಿಲ್ಲ. ಜನವರಿ ಮೂರನೇ ವಾರದ ತನಕ ಹೇಳಿಕೊಳ್ಳುವಂಥ ಹಿಮವೇ ಇರಲಿಲ್ಲ. "ಸುಮ್ನೆ ಹೆದರಿಸ್ತೀರಿ ನೀವು" ಎಂದುಬಿಟ್ಟರು.

ಸರಿಯಾಗಿ ಜನವರಿ 26ರ ರಾತ್ರಿ ಶುರುವಾಯಿತು. ಮರುದಿನ ಮುಗಿಯುವಷ್ಟರಲ್ಲಿ ಎರಡು ಅಡಿ. ರಸ್ತೆಗೆ ಕಾರು ಇಳಿಸಬಾರದು ಎಂದು ಗವರ್ನರ್ ಆದೇಶ ಬೇರೆ. ಅತ್ತೆ ಬೆಳಿಗ್ಗೆ ಪರದೆ ಸರಿಸಿ ನೋಡಿ, ಜಿನ್ನಿಂಗ್ ಮಿಲ್ಲಿನ ಗೋಡೌನ್ ಬಾಗಿಲು ಒಡೆದುಕೊಂಡ ಹಾಗಿದೆ ಎಂದರು. ಹತ್ತಿಯ ಊರಿನವರು ನೋಡಿ. ಆಮೇಲೆ ಫೆಬ್ರವರಿ 2ಕ್ಕೆ ಒಂದು, 7ರಿಂದ 10ರ ತನಕ ನಿಲ್ಲದೇ ಒಂದು, 14-15ಕ್ಕೆ ಇನ್ನೊಂದು. ಬಾಸ್ಟನ್ನಿನಲ್ಲಿ ಆ ಒಂದು ಫೆಬ್ರವರಿ ತಿಂಗಳಿಗೇ 64.8 ಇಂಚು. ಬಿದ್ದದ್ದು ಕರಗಲೂ ಇಲ್ಲ, ಏಕೆಂದರೆ ಆ ತಿಂಗಳ ಸರಾಸರಿಯೇ ಮೈನಸ್ 7 ಡಿಗ್ರಿ ಸೆಲ್ಸಿಯಸ್ ಸುಮಾರು. ಹಳೆಯ ರಾಶಿಯ ಮೇಲೆ ಹೊಸ ರಾಶಿ. ಸಲಿಕೆಯಲ್ಲಿ ಎತ್ತಿ ಹಾಕಲು ಜಾಗವೇ ಇಲ್ಲದಂತಾಯಿತು. ನನ್ನ ಗಂಡ ಎತ್ತಿದ ಹಿಮ ಅವರ ತಲೆಗಿಂತ ಮೇಲಕ್ಕೆ ಹೋಗಿ, ಅಲ್ಲಿಂದ ಜಾರಿ ಅವರ ಕಾಲ ಮೇಲೇ ಬೀಳುತ್ತಿತ್ತು. ಬಾಸ್ಟನ್ ನಗರದಲ್ಲಿ ಜನ ಮಹಡಿ ಕಿಟಕಿಯಿಂದ ಹಿಮದ ರಾಶಿಗೆ ಹಾರಿ ವಿಡಿಯೋ ಮಾಡಲು ಶುರುಮಾಡಿದರು. ದಯವಿಟ್ಟು ಹಾರಬೇಡಿ ಎಂದು ಮೇಯರ್ ಕೇಳಿಕೊಳ್ಳಬೇಕಾಯಿತು. ನನ್ನ ಮಗ ಆ ಸುದ್ದಿ ಓದಿದ್ದೇ ಓದಿದ್ದು.

ಸ್ನೋ ಡೇ ಅಂದರೆ ನಮ್ಮ ಮಲೆನಾಡಿನ ಮಳೆ ರಜೆ, ಅಷ್ಟೇ. ನಾನು ತೀರ್ಥಹಳ್ಳಿಯವಳು. ತುಂಗೆ ಉಕ್ಕಿದರೆ ನಮಗೆ ರಜೆ. ಈಗ ಅಲ್ಲಿ ಡಿಸಿ ರಜೆ ಕೊಡುತ್ತಾರೆ, ಇಲ್ಲಿ ಊರಿನ ಶಾಲೆಗಳ ಸೂಪರಿಂಟೆಂಡೆಂಟ್ ಕೊಡುತ್ತಾರೆ. ಬೆಳಿಗ್ಗೆ ಐದೂವರೆಗೆ ಫೋನ್ ಹೊಡೆದುಕೊಳ್ಳುತ್ತದೆ. ಎತ್ತಿದರೆ ರೆಕಾರ್ಡ್ ಮಾಡಿದ ದನಿ. ಊರಲ್ಲಿ ರಜೆ ಸಿಗಲಿ ಎಂದು ನಾವು ದೇವರಿಗೆ ಕೈಮುಗಿಯುತ್ತಿದ್ದೆವು. ಇಲ್ಲಿನ ಮಕ್ಕಳಿಗೆ ಬೇರೆ ಶಾಸ್ತ್ರಗಳಿವೆ. ಹಿಂದಿನ ರಾತ್ರಿ ಪೈಜಾಮ ಒಳಗು ಹೊರಗು ಮಾಡಿ ಹಾಕಿಕೊಂಡು ಮಲಗಬೇಕು. ದಿಂಬಿನ ಕೆಳಗೆ ಚಮಚ ಇಡಬೇಕು. ಐಸ್ ತುಂಡುಗಳನ್ನು ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಬೇಕು. ಮೊಮ್ಮಗ ಐಸ್ ತಗೊಂಡು ಬಚ್ಚಲಿಗೆ ಓಡುವುದನ್ನು ನೋಡಿ ಅತ್ತೆ, "ದೃಷ್ಟಿ ತೆಗೆಯೋದು ಇಲ್ಲೂ ಉಂಟಾ?" ಎಂದು ಕೇಳಿದರು. ಉಂಟು ಎಂದೆ.

ಊರಲ್ಲಿ ಮಳೆ ರಜೆಯನ್ನು ಶನಿವಾರ ಮಧ್ಯಾಹ್ನ ಪಾಠ ಮಾಡಿ ತುಂಬಿಸುತ್ತಾರಲ್ಲ, ಇಲ್ಲಿ ಜೂನಿನಲ್ಲಿ ತುಂಬಿಸುತ್ತಾರೆ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಶಾಲೆಗಳು 180 ದಿನ ಪಾಠ ಮಾಡಲೇಬೇಕು. ಹೋದ ದಿನವೆಲ್ಲ ವರ್ಷದ ಕೊನೆಗೆ ಸೇರುತ್ತದೆ. ಆದ್ದರಿಂದ ಜೂನ್ ಕೊನೆಯ ವಾರಕ್ಕೆ ಊರಿಗೆ ಟಿಕೆಟ್ ಮಾಡಿಸುವ ಮೊದಲು ಹತ್ತು ಸಲ ಯೋಚಿಸಿ. ನಾವು ಯೋಚಿಸಲಿಲ್ಲ. ಟಿಕೆಟ್ ಬದಲಿಸಿದ ದಂಡದ ವಿಷಯ ಇಲ್ಲಿ ಬೇಡ.

ಸರಿ, ನಾಟಕದ ವಿಷಯಕ್ಕೆ ಬರುತ್ತೇನೆ.

ನಮ್ಮ ಸುತ್ತಲಿನ ಏಳೆಂಟು ಕನ್ನಡ ಮನೆಗಳು ಸೇರಿ ಪ್ರತಿ ವರ್ಷ ಒಂದು ಸಣ್ಣ ಸಂಕ್ರಾಂತಿ ಕಾರ್ಯಕ್ರಮ ಮಾಡುತ್ತೇವೆ. ಹಬ್ಬ ಜನವರಿ 14-15ಕ್ಕೆ ಬಂದರೂ ಇಲ್ಲಿ ಹಾಲ್ ಸಿಕ್ಕಿದ ದಿನವೇ ಸಂಕ್ರಾಂತಿ. ಆ ವರ್ಷ ಫೆಬ್ರವರಿ 8, ಭಾನುವಾರ ಎಂದು ನಿಗದಿಯಾಯಿತು. ದೊಡ್ಡ ಮಕ್ಕಳಿಗೆ ಪಿಳ್ಳಾರಿ ಗೀತೆ, ಚಿಕ್ಕವರಿಗೆ ತೆನಾಲಿ ರಾಮನ ಬೆಕ್ಕಿನ ಕಥೆ. ನಿಮಗೆ ಗೊತ್ತಲ್ಲ, ಇಲಿ ಕಾಟ ಅಂತ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಬೆಕ್ಕಿನ ಹಾಲಿಗೆ ಒಂದು ಹಸು ಕೊಡುತ್ತಾನೆ. ರಾಮ ಬೆಕ್ಕಿಗೆ ಒಂದು ಸಲ ಕುದಿಯುವ ಹಾಲು ಇಟ್ಟು ಬಾಯಿ ಸುಡಿಸುತ್ತಾನೆ. ಆಮೇಲೆ ಬೆಕ್ಕು ಹಾಲು ಕಂಡರೆ ಓಡುತ್ತದೆ. ಹಾಲೆಲ್ಲ ರಾಮನಿಗೆ.

ಮಗ ಕೃಷ್ಣದೇವರಾಯ. ಮಗಳು ಬೆಕ್ಕು. ಅವಳ ಪಾತ್ರಕ್ಕೆ ಎರಡು ಮ್ಯಾಂವ್, ಹಾಲು ಕಂಡ ಕೂಡಲೇ ಒಂದು ಓಟ. ಅಷ್ಟೇ.

ಮೊದಲ ಸ್ನೋ ಡೇ ದಿನವೇ ಅವಳು ಬೆಳಗಿನ ಹಾಲಿನ ಲೋಟ ನೋಡಿ ಮೇಜಿನ ಕೆಳಗೆ ಓಡಿದಳು. ನಕ್ಕೆವು. ತಪ್ಪಾಗಿದ್ದು ಅಲ್ಲೇ. ಮರುದಿನವೂ ಓಡಿದಳು. "ನಾನು ಬೆಕ್ಕು, ಕುಡಿಯಲ್ಲ." ನಾಟಕ ಮುಗಿಯಲಿ, ಕುಡಿಯುತ್ತಾಳೆ ಎಂದರು ಅತ್ತೆ. ಇನ್ನೇನು, ಹತ್ತು ದಿನ ಅಲ್ವಾ?

ಇಬ್ಬರು ಮಕ್ಕಳು ಮನೆಯಲ್ಲಿ, ಹೊರಗೆ ಹೋಗುವಂತಿಲ್ಲ, ನಾನು ಲ್ಯಾಬಿಗೆ ಹೋಗಲೇಬೇಕಾದ ಕೆಲಸದವಳು, ಗಂಡ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗಿನಲ್ಲಿ. ಮೊದಲೆರಡು ರಜೆ ಹಬ್ಬದ ಹಾಗೆ ಕಳೆಯುತ್ತವೆ. ಸ್ನೋಮ್ಯಾನ್, ಜಾರುಬಂಡಿ, ಬಿಸಿ ಚಾಕಲೇಟು. ಅದಕ್ಕೂ ಮೊದಲು ಒಂದು ಮಗುವಿಗೆ ಸ್ನೋ ಪ್ಯಾಂಟು, ಬೂಟು, ಗ್ಲೌಸು, ಟೋಪಿ ಹಾಕಲು ಇಪ್ಪತ್ತು ನಿಮಿಷ. ಎಲ್ಲ ಹಾಕಿದ ಮೇಲೆ ಆ ಮಗು "ಸುಸು" ಎನ್ನುತ್ತದೆ. ಇದಕ್ಕೆ ಇನ್ನೂ ಯಾರೂ ಮದ್ದು ಕಂಡುಹಿಡಿದಿಲ್ಲ. ಮೂರನೇ ರಜೆಗೆ ಜಗಳ. ನಾಲ್ಕನೆಯದಕ್ಕೆ ಗೋಡೆ ಹತ್ತುವುದೊಂದು ಬಾಕಿ. ಅದರ ಮೇಲೆ ಇಲ್ಲಿ ಮೂರನೇ ಕ್ಲಾಸಿನಲ್ಲಿ ಮಕ್ಕಳ ಕೈಗೆ ರಿಕಾರ್ಡರ್ ಎಂಬ ಪ್ಲಾಸ್ಟಿಕ್ ಪೀಪಿ ಕೊಡುತ್ತಾರೆ. ಡಿಸೆಂಬರಿನಲ್ಲಿ ಬಿಳಿ ಅಂಗಿ, ಕಪ್ಪು ಪ್ಯಾಂಟಿನಲ್ಲಿ ಅರವತ್ತು ಮಕ್ಕಳು ಶಾಲೆಯ ಜಿಮ್‌ನಲ್ಲಿ ನಿಂತು ಅದನ್ನು ಊದಿದಾಗ ನಾನು ಅತ್ತಿದ್ದೆ, ಸಂತೋಷಕ್ಕೆ. ಫೆಬ್ರವರಿಯಲ್ಲಿ ಮುಚ್ಚಿದ ಕಿಟಕಿಗಳ ಮನೆಯಲ್ಲಿ ಒಂದೇ ಮಗು ಅದೇ ಮೂರು ಸ್ವರ ಊದಿದಾಗಲೂ ಅಳು ಬಂತು. ಆ ಅಳು ಬೇರೆ.

ಆಗ ನಮ್ಮನ್ನು ಉಳಿಸಿದ್ದು ಬೆಕ್ಕಿನ ನಾಟಕ. ಹತ್ತು ಗಂಟೆಗೆ ಸ್ಕೈಪ್ ಹಾಕುವುದು. ತೆನಾಲಿ ರಾಮ ಹದಿನೈದು ಮೈಲಿ ಆಚೆ ಅವನ ಮನೆಯಲ್ಲಿ, ಇಬ್ಬರು ಇಲಿಗಳು ಇನ್ನೊಂದು ಊರಿನಲ್ಲಿ, ರಾಜ ನಮ್ಮ ಸೋಫಾ ಮೇಲೆ. ಅತ್ತೆ ಡೈರೆಕ್ಟರು. ಓದಿದ್ದು ಏಳನೇ ಕ್ಲಾಸು, ಆದರೆ ಊರಲ್ಲಿ ಕಂಪನಿ ನಾಟಕ ನೋಡಿ ಬೆಳೆದವರು. "ರಾಜ ಅಂದ್ರೆ ಹೊಟ್ಟೆಯಿಂದ ಮಾತು ಬರಬೇಕು, ಮೂಗಿಂದ ಅಲ್ಲ" ಎಂದು ಮೊಮ್ಮಗನ ಹೊಟ್ಟೆಗೆ ತಿವಿಯುತ್ತಿದ್ದರು. ಅಲ್ಲಿಯ ತನಕ ಮಗ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಆಸಾಮಿ. ಆ ತಿಂಗಳು "ಯಾರಲ್ಲಿ! ದೋಸೆ ತನ್ನಿ" ಎಂದು ಕೂಗಲು ಶುರುಮಾಡಿದ. ದೋಸೆ ಕೊಟ್ಟೆವು. ಕನ್ನಡ ಕ್ಲಾಸಿನಲ್ಲಿ ಎರಡು ವರ್ಷದಲ್ಲಿ ಬಾರದ್ದು ಈ ಕೊಬ್ಬಿನಲ್ಲಿ ಬಂತು.

ಫೆಬ್ರವರಿ 8ರಂದು ಹಿಮ ಬೀಳುತ್ತಲೇ ಇತ್ತು. ಮುಂದಕ್ಕೆ ಹಾಕಿದೆವು, 15ಕ್ಕೆ. 15ಕ್ಕೆ ಬ್ಲಿಜರ್ಡ್, ಅಂದರೆ ಹಿಮದ ಬಿರುಗಾಳಿ. ಮತ್ತೆ ಮುಂದಕ್ಕೆ, 22ಕ್ಕೆ. ಆ ದಿನ ಆಕಾಶ ಪರವಾಗಿಲ್ಲ, ಆದರೆ ಹಾಲ್‌ನವರು ಕರೆ ಮಾಡಿ ಚಾವಣಿ ಮೇಲೆ ಹಿಮದ ಭಾರ ಜಾಸ್ತಿಯಾಗಿದೆ, ಇಳಿಸುವ ತನಕ ಒಳಗೆ ಯಾರನ್ನೂ ಬಿಡುವುದಿಲ್ಲ ಎಂದರು. ಆ ವರ್ಷ ಸುತ್ತಮುತ್ತ ಎಷ್ಟೋ ಕಟ್ಟಡಗಳಿಗೆ ಅದೇ ಗತಿ. ಅವರನ್ನು ಬೈಯುವಂತಿರಲಿಲ್ಲ. ಮಗಳು ಮಾತ್ರ ಫೋನಿನ ಹತ್ತಿರ ನಿಂತು ಮ್ಯಾಂವ್ ಎಂದಳು.

ನಮ್ಮ ಚಾವಣಿಯದೂ ಒಂದು ಕಥೆ. ಇದನ್ನು ನೀವು ತಿಳಿದಿರಬೇಕು, ಮನೆ ಬಾಡಿಗೆಗೆ ಹಿಡಿಯುವಾಗ ಕೇಳಲು ಬರುತ್ತದೆ. ಮನೆಯ ಶಾಖ ಮೇಲಕ್ಕೆ ಸೋರಿ ಚಾವಣಿಯ ಹಿಮದ ಅಡಿ ಪದರ ಕರಗುತ್ತದೆ. ನೀರು ಇಳಿಜಾರಿನಲ್ಲಿ ಹರಿದು ತಣ್ಣಗಿರುವ ಸೂರಿನ ಅಂಚಿಗೆ ಬಂದು ಮತ್ತೆ ಗಟ್ಟಿಯಾಗುತ್ತದೆ. ಅಲ್ಲೊಂದು ಐಸಿನ ಒಡ್ಡು ಕಟ್ಟುತ್ತದೆ. ಹಿಂದೆ ನಿಂತ ನೀರಿಗೆ ಹೋಗಲು ದಾರಿಯಿಲ್ಲದೆ ಶಿಂಗಲ್ ಸಂದಿಯಿಂದ (ಶಿಂಗಲ್ ಅಂದರೆ ಇಲ್ಲಿನ ಹೆಂಚು ಅಂದುಕೊಳ್ಳಿ) ಒಳಗೆ ಇಳಿಯುತ್ತದೆ. ನಮ್ಮಲ್ಲಿ ಅದು ಸರಿಯಾಗಿ ಕೃಷ್ಣದೇವರಾಯನ ರಟ್ಟಿನ ಕಿರೀಟದ ಮೇಲೆ ಇಳಿಯಿತು. ಇಲ್ಲಿನ ನಾಟಿ ಮದ್ದು ಏನು ಗೊತ್ತಾ? ಹೆಂಗಸರ ಉದ್ದ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಆ ಒಡ್ಡಿನ ಮೇಲೆ ಅಡ್ಡಡ್ಡ ಇಡುವುದು. ಅದು ಕರಗಿಸುತ್ತಾ ನೀರಿಗೆ ಕಾಲುವೆ ಮಾಡಿಕೊಡುತ್ತದೆ. ಮಗ ಕಾಲುಚೀಲಕ್ಕೆ ಉಪ್ಪು ತುಂಬುವುದನ್ನು ನೋಡಿ ಅತ್ತೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಸಂಬಂಧಿಕರಿಗೆ ಫೋನ್ ಮಾಡಿದರು.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. ಮನೆಯ ಹೀಟರಿನ ಹೊಗೆ ಕೊಳವೆ ಎಷ್ಟೋ ಮನೆಗಳಲ್ಲಿ ಪಕ್ಕದ ಗೋಡೆಯಲ್ಲಿರುತ್ತದೆ. ಹಿಮ ಅದನ್ನು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೇ ತುಂಬುತ್ತದೆ. ಪ್ರತಿ ಸಲ ಮೊದಲು ಅದನ್ನು ಬಿಡಿಸಿ, ಆಮೇಲೆ ಕಾರು. ಕಾರು ಸ್ಟಾರ್ಟ್ ಮಾಡುವ ಮೊದಲು ಅದರ ಸೈಲೆನ್ಸರ್ ಬಾಯಿಯನ್ನೂ.

ಕೊನೆಗೆ ಮಾರ್ಚ್ 15ರ ಭಾನುವಾರ ಹಾಲ್ ಸಿಕ್ಕಿತು. ಉಗಾದಿ 21ಕ್ಕೆ. ಎಳ್ಳು ಬೆಲ್ಲ ಹಂಚುವುದಾ, ಬೇವು ಬೆಲ್ಲ ಹಂಚುವುದಾ ಎಂದು ಗುಂಪಿನಲ್ಲಿ ಮೂರು ದಿನ ಚರ್ಚೆಯಾಯಿತು. ಜನವರಿಯಲ್ಲಿ ಅತ್ತೆ ಕೂತು ಕೊಬ್ಬರಿ ಹೆಚ್ಚಿ ಮಾಡಿದ್ದ ಎಳ್ಳು ಬೆಲ್ಲವನ್ನು ಸ್ನೋ ಡೇಗಳಲ್ಲಿ ಮಕ್ಕಳು ಡಬ್ಬಿ ಸಮೇತ ಮುಗಿಸಿದ್ದರು. ಸಕ್ಕರೆ ಅಚ್ಚುಗಳಲ್ಲಿ ತಲೆ ಇಲ್ಲದ ಎರಡು ಗಿಳಿ ಮಾತ್ರ ಉಳಿದಿದ್ದವು. ಮತ್ತೆ ಹೆಚ್ಚಿದರು.

ಆ ದಿನವೂ ಹಿಮ ಬಿತ್ತು, ಆದರೆ ತೆಳ್ಳಗೆ. ಯಾರೂ ಕ್ಯಾನ್ಸಲ್ ಎನ್ನುವ ಪದ ಎತ್ತಲಿಲ್ಲ. ರೇಷ್ಮೆ ಲಂಗದ ಕೆಳಗೆ ಸ್ನೋ ಬೂಟು, ಮೇಲೆ ಉಬ್ಬಿದ ಜಾಕೆಟ್ಟು, ಮಂಕಿ ಕ್ಯಾಪಿನ ಮೇಲೆ ಕಿರೀಟ. ನೀವು ಬರುವಾಗ ಮಕ್ಕಳ ಲಂಗವನ್ನು ಎರಡು ಇಂಚು ಗಿಡ್ಡ ಹೊಲಿಸಿ. ರಸ್ತೆಗೆ ಎರಚುವ ಉಪ್ಪು ಕರಗಿದ ನೀರು ಜರಿಗೆ ತಗುಲಿದರೆ ಬಿಳಿ ಗೆರೆ ಬೀಳುತ್ತದೆ, ಹೋಗುವುದೇ ಇಲ್ಲ.

ಪ್ರಾಕ್ಟೀಸಿನಲ್ಲೆಲ್ಲ ನಾವು ಖಾಲಿ ಬಟ್ಟಲು ಇಡುತ್ತಿದ್ದೆವು. ಆ ದಿನ ಯಾರೋ ಪುಣ್ಯಾತ್ಗಿತ್ತಿ, ನಿಜವಾಗಿ ಕಾಣಲಿ ಎಂದು, ಬಟ್ಟಲಿಗೆ ಬಾದಾಮಿ ಹಾಲು ಹಾಕಿಟ್ಟಿದ್ದರು. ರಾಜ ಹೊಟ್ಟೆಯಿಂದಲೇ ಕೂಗಿದ, "ರಾಮಾ, ನಿನ್ನ ಬೆಕ್ಕೇಕೆ ಬಡಕಲಾಗಿದೆ?" ರಾಮ ಬಟ್ಟಲು ಮುಂದಿಟ್ಟ. ಬೆಕ್ಕು ಮೂಸಿ ನೋಡಿತು. ಓಡಬೇಕಾದ ಜಾಗ ಅದು. ಓಡಲಿಲ್ಲ. ಏಳು ವಾರ ಹಾಲು ಮುಟ್ಟದ ನನ್ನ ಮಗಳು ಬಟ್ಟಲು ಎತ್ತಿ, ಇಡೀ ಸಭೆಯ ಎದುರು, ಗಟಗಟ ಕುಡಿದು ಮೀಸೆ ಒರೆಸಿಕೊಂಡಳು.

ಒಂದು ಕ್ಷಣ ಯಾರಿಗೂ ಏನೂ ತೋಚಲಿಲ್ಲ. ಹತ್ತು ವರ್ಷದ ತೆನಾಲಿ ರಾಮ ರಾಜನ ಕಡೆ ತಿರುಗಿ, "ಪ್ರಭು, ಇದು ನಮ್ಮ ಬೆಕ್ಕಲ್ಲ, ಪಕ್ಕದ ಮನೇದು" ಎಂದ. ಯಾರೂ ಹೇಳಿಕೊಟ್ಟಿದ್ದಲ್ಲ. ಕೊನೆಯ ಸಾಲಿನ ತನಕ ನಗು. ಅತ್ತೆ ಮಾತ್ರ ಸಿಟ್ಟಾಗಿದ್ದರು, ಡೈರೆಕ್ಟರ್ ಅಲ್ವಾ.

ಊಟದ ಹೊತ್ತಿಗೆ ಯಾರೋ ಫೋನ್ ನೋಡಿ ಕೂಗಿದರು: ಒಂದು ಸೀಸನ್ನಿನ ಹಿಮಕ್ಕೆ ಬಾಸ್ಟನ್ನಿನ ದಾಖಲೆ ಮುರಿಯಿತಂತೆ, 108.6 ಇಂಚು. 1995-96ರ 107.6 ಇಂಚಿನ ದಾಖಲೆ ಹೋಯಿತು. ಎರಡು ತಿಂಗಳು ಬೈದ ಜನವೇ ಚಪ್ಪಾಳೆ ತಟ್ಟಿದರು. ಇಷ್ಟು ಅನುಭವಿಸಿ ದಾಖಲೆಯೂ ಆಗದಿದ್ದರೆ ಹೇಗೆ! ಆ ಸೀಸನ್ ಮುಗಿಯುವಾಗ ಲೆಕ್ಕ 110.6ಕ್ಕೆ ನಿಂತಿತು. ನಗರದವರು ಹಿಮ ತಂದು ಸುರಿದ ದೊಡ್ಡ ಗುಡ್ಡವೊಂದು ಪೂರ್ತಿ ಕರಗಿದ್ದು ಜುಲೈ 14ಕ್ಕೆ.

ಎಲ್ಲ ವರ್ಷವೂ ಹೀಗಿರುವುದಿಲ್ಲ, ಹೆದರಬೇಡಿ. ಕೆಲವು ವರ್ಷ ಸ್ನೋ ಪ್ಯಾಂಟಿನ ಲೇಬಲ್ ಕಿತ್ತೇ ಇರುವುದಿಲ್ಲ. ಜಾಕೆಟ್, ಬೂಟು ಬೆಂಗಳೂರಿನಲ್ಲಿ ಕೊಳ್ಳಬೇಡಿ, ಇಲ್ಲಿ ಬಂದು ತಗೊಳ್ಳಿ. ಸಕ್ಕರೆ ಅಚ್ಚಿನ ಮರದ ಮಣೆ ಮಾತ್ರ ತನ್ನಿ, ಎರಡು ತಂದರೆ ಒಂದು ನನಗೆ. ಮಕ್ಕಳನ್ನು ಯಾವ ಪಾತ್ರಕ್ಕೆ ಕರೆದರೂ ಕಳಿಸಿ. ನಿಮ್ಮನ್ನು ಹಾಲ್ ಬುಕ್ ಮಾಡುವ ಕಮಿಟಿಗೆ ಕರೆದರೆ ಮಾತ್ರ, ಆ ತಿಂಗಳು ಊರಲ್ಲಿರುವುದಿಲ್ಲ ಎಂದುಬಿಡಿ.